ಅಮಾವಾಸ್ಯೆಯಂದು ಕೊಟ್ಟ ದೂರು

ಒಂದೂರು. ಆ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ, ಸಾಕಷ್ಟು ಸ್ಥಿತಿವಂತ. ಅವನಿಗಿದ್ದ ಆಸೆ ಒಂದೇ. ಹೊಸ ಮನೆ ಕಟ್ಟಬೇಕು, ಅದರ ನಡುಮನೆಯ ತೊಲೆಗೆ ಮೊಮ್ಮಗುವಿನ ತೊಟ್ಟಿಲು ತೂಗುಹಾಕಬೇಕು. ಮನೆ ಎದ್ದಿತು. ತೊಟ್ಟಿಲಿಗೆಂದೇ ಕಾಂಕ್ರೀಟ್ ತೊಲೆಗೆ ಕೊಂಡಿಗಳನ್ನು ಹಾಕಿಸಿದ. ಊರೆಲ್ಲ ಬಂದು ಹೋಳಿಗೆ ತಿಂದು ಹರಸಿ ಹೋಯಿತು.

ಮಳೆಗಾಲ ಬಂತು. ಕೊಂಡಿಯ ಪಕ್ಕದಲ್ಲೇ ತೊಲೆ ಬಿರುಕು ಬಿಟ್ಟಿತು. ತೊಲೆ ಕೂತ ಗೋಡೆಯೂ ಸೀಳಿತು. ವ್ಯಾಪಾರಿ ಕಂಟ್ರಾಕ್ಟರನನ್ನು ಕರೆಸಿದ. ನೋಡಿ, ಆ ಕಂಟ್ರಾಕ್ಟರ ಭಾರಿ ಮಾತುಗಾರ. "ಯಜಮಾನ್ರೇ, ಆಷಾಢದಲ್ಲಿ ಮನೆ ಒಡೀಬಾರ್ದು, ಶ್ರಾವಣ ಬರ್ಲಿ" ಎಂದ. ಶ್ರಾವಣ ಬಂತು, ಹಬ್ಬ ಎಂದ. ಪಿತೃಪಕ್ಷ ಬಂತು, ಕಿವಿ ಮುಚ್ಚಿಕೊಂಡ. ಧನುರ್ಮಾಸ ಬಂತು, ಕೈ ಮುಗಿದ. ನೋಡನೋಡುತ್ತ ಮತ್ತೆ ಆಷಾಢ! ಸಾಮಾನು ಕದಿಯುವಾಗ ಇಲ್ಲದ ಭಕ್ತಿ ರಿಪೇರಿ ಎಂದ ಕೂಡಲೇ ಎಲ್ಲಿಂದ ಬಂತು? ನಮ್ಮ ವ್ಯಾಪಾರಿಯೂ ಕಡಿಮೆಯವನಲ್ಲ. ಹೊಸ ಮನೆಯ ಮೇಲೆ ದೂರು ಬರೆದರೆ ಅಪಶಕುನ ಎಂದು ಸುಮ್ಮನೆ ಕೂತ.

ಅಷ್ಟರಲ್ಲಿ ಮಗಳು ಹೆರಿಗೆಗೆ ತವರಿಗೆ ಬಂದಳು. ತಲೆಯೆತ್ತಿ ತೊಲೆಯನ್ನು ನೋಡಿದಳು. "ಅಪ್ಪಾ, ಇದರ ಕೆಳಗೆ ಮಗೂನ ಮಲಗಿಸ್ಲಾ?" ಎಂದಳು.

ವಿಷಯ ತಿಳಿದ ಕಂಟ್ರಾಕ್ಟರ ಬಿರುಕು ಕಾಣದಂತೆ ಪುಟ್ಟಿ ಬಳಿಯಲು ಆಳು ಕಳಿಸಿದ. ವ್ಯಾಪಾರಿಯ ಹೆಂಡತಿ ಅವನನ್ನು ಹೊಸ್ತಿಲಿಂದಲೇ ವಾಪಸು ಅಟ್ಟಿದಳು. ಗಂಡನನ್ನು ಕರೆದುಕೊಂಡು ವಕೀಲರ ಬಳಿಗೆ ನಡೆದಳು. ವಕೀಲರು ಕೇಳಿ ಗಾಬರಿಯಾದರು. ಇಂಥ ದೂರಿಗೆ ಗಡುವು ಇದೆ, ಬಿರುಕು ಕಂಡ ದಿನದಿಂದಲೇ ಅದು ಓಡುತ್ತಿದೆ, ಯಾವ ಮಾಸಕ್ಕೂ ಅದು ನಿಲ್ಲುವುದಿಲ್ಲ, ನಾಳೆ ಸಂಜೆಗೆ ಮುಗಿಯುತ್ತದೆ ಎಂದರು. ಕಂಟ್ರಾಕ್ಟರನ ಕೆಲಸಕ್ಕೆ ವಿಮೆಯಿದೆ, ಆ ಕಂಪನಿಗೂ ನಾಳೆಯೇ ತಿಳಿಸಬೇಕು ಎಂದರು.

ನಾಳೆ ಏನು? ಅಮಾವಾಸ್ಯೆ. ವ್ಯಾಪಾರಿಯ ಮುಖ ಬಾಡಿತು. ಒಂದು ದಿನ ತಡೆಯಬಹುದೇ ಎಂದು ಮೆಲ್ಲಗೆ ಕೇಳಿದ.

"ರೀ, ತೊಲೆ ಬೀಳೋಕೆ ಪಂಚಾಂಗ ನೋಡತ್ತಾ?" ಎಂದಳು ಹೆಂಡತಿ. "ನೀವು ಬರದೇ ಇದ್ರೆ ನಾನೊಬ್ಳೇ ಹೋಗ್ತೀನಿ."

ಹೋದರು, ಇಬ್ಬರೂ ಹೋದರು. ಅಮಾವಾಸ್ಯೆಯ ದಿನ, ಅದೂ ರಾಹುಕಾಲದಲ್ಲಿ, ನ್ಯಾಯಾಲಯದಲ್ಲಿ ದೂರಿಗೆ ಮೊಹರು ಬಿತ್ತು.

ಕಂಟ್ರಾಕ್ಟರ ಗಡುವು ಮೀರಿದೆ ಎಂದು ವಾದಿಸಿದ. ಮೊಹರಿನ ತಾರೀಖು ಅವನ ಬಾಯಿ ಮುಚ್ಚಿಸಿತು. ವಿಮೆಯವರು ಕಳಪೆ ಕೆಲಸಕ್ಕೆ ನಾವು ಹಣ ಕೊಡುವುದಿಲ್ಲ ಎಂದರು. ಬೇಡ, ತೊಲೆಯನ್ನು ಕಂಟ್ರಾಕ್ಟರನೇ ಕಟ್ಟಿಕೊಡಲಿ, ಆ ತೊಲೆಯಿಂದ ಸೀಳಿದ ಗೋಡೆಯನ್ನು ನೀವು ನೋಡಿಕೊಳ್ಳಿ ಎಂದರು ವಕೀಲರು. ವಿಮೆಯ ಪರಿಶೀಲಕ ಏಣಿ ಹತ್ತಿದ. ಪುಟ್ಟಿ ಮೆತ್ತದ ಬಿರುಕು ಎಲ್ಲವನ್ನೂ ತೋರಿಸಿತು. ಒಳಗೆ ಇರಬೇಕಾದಷ್ಟು ಕಬ್ಬಿಣವೇ ಇರಲಿಲ್ಲ!

ಗೆದ್ದರು! ಮಗು ಅಂಬೆಗಾಲಿಡುವ ಹೊತ್ತಿಗೆ ತೀರ್ಪು ಬಂತು. ಗೋಡೆಗೆ ವಿಮೆಯವರು ಹಣ ಕೊಟ್ಟರು, ಕಂಟ್ರಾಕ್ಟರ ತೊಲೆಯನ್ನು ಒಡೆದು ಹೊಸದಾಗಿ ಕಟ್ಟಿಕೊಟ್ಟ. ಯಾವ ಮಾಸದಲ್ಲಿ ಗೊತ್ತೇ? ಆಷಾಢದಲ್ಲಿ! ತೊಲೆ ಗಟ್ಟಿಯಾದ ಮೇಲೆ ತಾತನೇ ಕೊಂಡಿ ಹಿಡಿದು ಜಗ್ಗಿ ಜಗ್ಗಿ ನೋಡಿದ. ಅದು ಅಲುಗಲಿಲ್ಲ. ತೊಟ್ಟಿಲು ಏರಿತು, ಕೇರಿಯ ಹೆಂಗಸರೆಲ್ಲ ಸೇರಿ ಜೋಗುಳ ಹಾಡಿದರು.

ಈಗ ನಿಮ್ಮ ವಿಷಯಕ್ಕೆ ಬರೋಣ. ನಗುತ್ತಿದ್ದೀರಿ, ಸಂತೋಷ. ನಿಮ್ಮ ಮನೆಯಲ್ಲಿ ಬಿರುಕಿಲ್ಲವೇ? ಗೋಡೆಯದು ಇರಬಹುದು, ಅಣ್ಣತಮ್ಮಂದಿರ ನಡುವಿನದು ಇರಬಹುದು. ಹಬ್ಬ ಮುಗಿಯಲಿ ಎನ್ನುತ್ತೀರಿ. ಮೇಲೆ ನಗುವಿನ ಪುಟ್ಟಿ ಬಳಿಯುತ್ತೀರಿ. ದೇವರು ನಿಮ್ಮನ್ನು ಕಾಯಲೆಂದು ತಿಥಿ ವಾರ ಕೊಟ್ಟ, ನೀವು ಅವುಗಳ ಹಿಂದೆ ಅಡಗಿ ಕೂರಲೆಂದಲ್ಲ. ಮನೆ ಕಟ್ಟಿಸುವವರು ಗಡುವು ಎಷ್ಟು, ವಿಮೆ ಯಾವುದಕ್ಕೆ ಎಂದು ಮೊದಲೇ ಕೇಳಿಕೊಳ್ಳಿ. ಬಿರುಕು ಕಂಡರೆ ಅಂದೇ ಬರೆದು ತಿಳಿಸಿ. ಮಾತು ಬಿಟ್ಟ ತಮ್ಮನಿದ್ದರೆ ಅವನ ಬಾಗಿಲಿಗೆ ನೀವೇ ಹೋಗಿ.

ಯಾವಾಗ ಎಂದು ಕೇಳುತ್ತೀರಾ? ನಾಳೆ ಅಮಾವಾಸ್ಯೆ. ನಾಳೆಯೇ ಹೋಗಿ.