ಟೋಪಿಯವನ ಕುರ್ಚಿ

ಪೋಕರ್ ಟೂರ್ನಮೆಂಟಿನ ಬಿಡುವು. ಟೀ ಬಗ್ಗಿಸುತ್ತಿದ್ದ ಹೆಂಗಸಿನ ಮುಂದೆ ನಿಂತಿದ್ದವರು ಅಕ್ಕ ತಮ್ಮ, ಇಬ್ಬರೂ ಆಟಗಾರರೇ. ಮಾತು ಬೇಡವೆಂದರೂ ಅವಳ ಕಿವಿಗೆ ಬಿತ್ತು.

“ಕೈಯಲ್ಲಿ ಎರಡು ಎಕ್ಕ ಇತ್ತಕ್ಕಾ! ಆ ಟೋಪಿಯವನು ಜುಜುಬಿ ಏಳು ಇಟ್ಕೊಂಡು ಹೊಡೆದ್ಬಿಟ್ಟ.”

“ಅದು ಬೆಳಗ್ಗಿನ ಮಾತು. ಆಮೇಲೆ?”

“ಆಮೇಲೇನು, ಅದೇ ತಲೇಲಿ ಕೊರೀತಿದೆ. ಪಕ್ಕದಲ್ಲೇ ಕೂತಿದಾನೆ, ಅವನ ಮುಖ ನೋಡೋಕೂ ಮನಸ್ಸಿಲ್ಲ.”

“ಈಗಲೂ ಅಲ್ಲೇ ಇದಾನಾ?”

“ಇನ್ನೆಲ್ಲಿಗೆ ಹೋಗ್ತಾನೆ?”

“ಅವನು ಸೋತು ಎದ್ದುಹೋಗಿ ಕಾಲು ಗಂಟೆ ಆಯ್ತು ಕಣೋ.”

“ಮತ್ತೆ ಆ ಕುರ್ಚೀಲಿ?”

“ನನ್ನನ್ನ ನಿಮ್ಮ ಟೇಬಲ್ಲಿಗೆ ಹಾಕಿದ್ರು. ಅಲ್ಲಿ ಕೂತಿರೋದು ನಾನು. ಎರಡು ಸಲ ನಿನ್ನನ್ನ ಸೋಲಿಸಿದ್ದೂ ಆಯ್ತು.”

ಬಿಡುವು ಮುಗಿದ ಗಂಟೆ ಹೊಡೆಯಿತು. ಅಕ್ಕ ಲೋಟ ತೆಗೆದುಕೊಂಡು ನಡೆದಳು. ತಮ್ಮ ಟೀ ಮರೆತು, ಅವಳನ್ನೇ ನೋಡುತ್ತಾ ಹಿಂದೆ ಹೊರಟ.