ಒಂಬತ್ತೇ ಒಂಬತ್ತು ದೂರುಗಳು

ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ನಿಜವಾದ ಕುರ್ಚಿಗಳಲ್ಲಿ ಕುಳಿತಿರುವ ಸಭಿಕರೇ, ಕನ್ನಡಕ ತೊಟ್ಟು ಮನೆಯಿಂದಲೇ ಈ ಸಭಾಂಗಣಕ್ಕೆ ಬಂದು ನಿಂತಿರುವ ಮಿಕ್ಕ ಸಭಿಕರೇ,

ಕನ್ನಡಕ ತೊಟ್ಟರೆ ಕಾಣುವ ನಮ್ಮ ವರ್ಚುವಲ್ ಅಂಗಳದಲ್ಲಿ ದಿನಕ್ಕೆ ಎರಡು ಲಕ್ಷ ಜನ ಸೇರುತ್ತಾರೆ. ವರ್ಷವಿಡೀ ಬಂದದ್ದು ಒಂಬತ್ತೇ ದೂರು. ಅದಕ್ಕಾಗಿ ಸುರಕ್ಷತಾ ಮುಖ್ಯಸ್ಥನಾದ ನನಗೆ ಈ ಸನ್ಮಾನ. ಸೋಮವಾರದಿಂದ ಶಾಲೆಯ ಮಕ್ಕಳಿಗೂ ಅಂಗಳ ತೆರೆಯುತ್ತೀರಿ. ಅದಕ್ಕೆ ನನ್ನ ಸಹಿಯೊಂದು ಬಾಕಿ.

ದೂರು ಕೊಡುವುದು ಹೇಗೆ? ಎಡ ಮಣಿಕಟ್ಟನ್ನು ಕಣ್ಣೆದುರು ಹಿಡಿದು, ಬಲಗೈ ಬೆರಳಿಂದ ಎರಡು ಸಲ ತಟ್ಟಬೇಕು. ದೂರಿನ ಗುಂಡಿಯನ್ನು ಅಲ್ಲಿಟ್ಟವನು ನಾನೇ. ಪರೀಕ್ಷೆಗೆ ಯಾರನ್ನು ಕರೆದೆವು? ನಮ್ಮನ್ನೇ. ಪಕ್ಕದ ವಿಭಾಗದ ದಪ್ಪಣ್ಣ ಅಂಗಳದೊಳಗೆ ನನ್ನನ್ನು ಅಟ್ಟಿಸಿಕೊಂಡು ಬಂದ. ನಾನು ನಗುನಗುತ್ತಲೇ ತಟ್ಟಿದೆ. "ನೋಡ್ರಪ್ಪಾ, ಇವನಿಗೇ ಬಂತು ಅಂದ್ಮೇಲೆ ಮಗೂಗೂ ಬರುತ್ತೆ" ಎಂದ. ಎಲ್ಲರೂ ನಕ್ಕೆವು. ಹಾಗೆಂದೇ ವರದಿ ಬರೆದೆವು. ದಪ್ಪಣ್ಣನಿಗೆ ಹೆದರುವವರು ಯಾರಿದ್ದಾರೆ ಸ್ವಾಮಿ?

ನನ್ನ ತಂಗಿ ಹೊಲಿಗೆ ಅಂಗಡಿಯವಳು. ನಾನೇ ಬಲವಂತ ಮಾಡಿ ಅಂಗಳದ ಹಾಡಿನ ಕೂಟಕ್ಕೆ ಸೇರಿಸಿದ್ದೆ. ಹೋದ ತಿಂಗಳು ಅಲ್ಲಿ ಏಳು ಜನ ಅವಳನ್ನು ಸುತ್ತುವರಿದರು. ಹತ್ತಿರ ಬಂದರು, ಇನ್ನೂ ಹತ್ತಿರ ಬಂದರು, ಅವಳ ಮೈಯೊಳಗಿಂದಲೇ ಹಾದುಹೋದರು.

"ಗುಂಡಿ ತಟ್ಟಬೇಕಿತ್ತಲ್ವೇನೇ?" ಎಂದೆ.

"ಎರಡೂ ಕೈಲಿ ಮುಖ ಮುಚ್ಕೊಂಡಿದ್ದೆ ಅಣ್ಣ. ತಟ್ಟೋಕೆ ಮೂರನೇ ಕೈ ಎಲ್ಲಿಂದ ತರ್ಲಿ?"

"ಕನ್ನಡಕ ಕಿತ್ತು ಬಿಸಾಕೋದಲ್ವಾ?"

"ಬೀದೀಲಿ ಅಡ್ಡಗಟ್ಟಿದ್ರೆ ಕಣ್ಣು ಕಿತ್ತು ಬಿಸಾಕು ಅಂತೀಯಾ?"

ಅವಳು ಟೈಪಿಂಗ್ ಕಲಿಯುತ್ತಿದ್ದ ಕಾಲದಲ್ಲಿ, ನಲವತ್ತು ವರ್ಷದ ಹಿಂದೆ, ಮೂವರು ಮನೆ ಬಾಗಿಲವರೆಗೂ ಹಿಂಬಾಲಿಸಿದ್ದರು. ಅಂದೂ ಇದನ್ನೇ ಹೇಳಿದ್ದೆ. ಕೂಗಬೇಕಿತ್ತು ಎಂದಿದ್ದೆ. ಅವಳು ಮತ್ತೆ ಆ ತರಗತಿಗೆ ಹೋಗಲಿಲ್ಲ. ಯಾಕೆಂದು ನಾನು ಕೇಳಲಿಲ್ಲ. ಇರಲಿ, ವಿಷಯಕ್ಕೆ ಬರುತ್ತೇನೆ.

ತಂಗಿ ಹೇಳಿದ ಮರುದಿನ ಅಂಗಳದ ಇಡೀ ವರ್ಷದ ಕೈಚಲನೆಯ ದಾಖಲೆ ತೆಗೆಸಿದೆ. ಹತ್ತು ಸೆಕೆಂಡಿಗೂ ಹೆಚ್ಚು ಹೊತ್ತು ಎರಡೂ ಕೈ ಮುಖದ ಮೇಲೆ ನಿಂತದ್ದು ಎಷ್ಟು ಸಲ? ಕಣ್ಣುಮುಚ್ಚಾಲೆ ಆಡಿದವರನ್ನು ಬಿಟ್ಟು, ಸುತ್ತ ಜನ ಮುತ್ತಿಕೊಂಡಿದ್ದವರನ್ನು ಮಾತ್ರ ಎಣಿಸಿದರೆ, ಹನ್ನೊಂದು ಸಾವಿರ. ದೂರು ಒಂಬತ್ತು. ಹಾಗೆ ಮುಖ ಮುಚ್ಚಿಕೊಂಡವರಲ್ಲಿ ಅರ್ಧದಷ್ಟು ಜನ ಮತ್ತೆ ಬಂದಿಲ್ಲ. ನಾವು ಅವರನ್ನು 'ಆಸಕ್ತಿ ಕಳೆದುಕೊಂಡವರು' ಎಂಬ ಪಟ್ಟಿಗೆ ಸೇರಿಸಿದ್ದೇವೆ.

ಅಧ್ಯಕ್ಷರಿಗೆ ತೋರಿಸಿದೆ. "ಮಕ್ಕಳು ಬಂದ್ಮೇಲೆ ಸರಿ ಮಾಡೋಣ ಬಿಡಿ" ಎಂದರು. ಮಕ್ಕಳು ಬಂದ ಮೇಲೆ? ಎಂಟು ವರ್ಷದ ಕೈಗಳು ಎಷ್ಟು ಪುಟ್ಟವೆಂದರೆ, ಮುಖ ಪೂರ್ತಿ ಮುಚ್ಚಲೂ ಸಾಲುವುದಿಲ್ಲ.

ಸಭೆ ಮುಗಿಯುವುದರೊಳಗೆ ಸಹಿ ಹಾಕಬೇಕೆಂದು ಕಾಗದವನ್ನು ಇಲ್ಲಿಗೇ ತಂದಿಟ್ಟಿದ್ದಾರೆ. ನಾನು ಹಾಕುವುದಿಲ್ಲ. ನಾಳೆ ನನ್ನ ಕುರ್ಚಿಯಲ್ಲಿ ಇನ್ನೊಬ್ಬರು ಕುಳಿತು ಹಾಕಿಯಾರು. ಅವರು ಈಗ ಈ ಸಭೆಯಲ್ಲೇ ಇದ್ದಾರೆ. ಆಗಿನಿಂದ ನಿಮ್ಮ ಮುಖಗಳನ್ನೇ ನೋಡುತ್ತಿದ್ದೇನೆ, ಯಾರೆಂದು ತಿಳಿಯುತ್ತಿಲ್ಲ. ನನ್ನ ಭಯವೆಲ್ಲ ಅದೇ.

ಇಷ್ಟು ಹೊತ್ತು ಕೇಳಿಸಿಕೊಂಡಿರಿ, ನಿಮಗೆ ಋಣಿ. ನಮಸ್ಕಾರ.