ನೀರಿನ ಮೇಲೆ ಆಡಬಾರದ ಪದ

...ಬೇಡ ಬೇಡ, ಬಾಯಿ ತೆಗೀಬೇಡ ಸಾಲ್ವೋರ್! ಡಾಕ್ಟರು ಏನಂದ್ರು? ಗಂಟಲು ವಾಸಿಯಾಗೋವರೆಗೂ ಒಂದು ಮಾತೂ ಆಡಕೂಡದು. ಬೇಸಿಗೆಯೆಲ್ಲ ಆ ಗಾಳೀಲಿ ಮೈಕು ಹಿಡಿದು ಕಿರುಚಿದ್ರೆ ಇನ್ನೇನಾಗುತ್ತೆ ಮತ್ತೆ. ತಲೆ ಆಡ್ಸು ಸಾಕು, ಅಪ್ಪ ನೋಡ್ಕೋತಾನೆ. ಕೂತ್ಕೋ. ಕೂತ್ಯಾ? ಹಾಂ, ಬೆಂಚು ಕಿರ್ ಅಂತು. ಜನ ಎಲ್ಲ ಇಳಿದು ಹೋದ್ರು, ನಿನ್ನ ಗಂಡ ಡೀಸೆಲ್ ತರೋಕೆ ಹೋದ, ಈಗ ದೋಣೀಲಿ ನಾವಿಬ್ರೇ. ಕಾಫಿ ಬಗ್ಗಿಸ್ತೀನಿ ತಡಿ... ಅಯ್ಯೋ. ಅಲೆ ಹೊಡೀತು ನೋಡು. ಕಟ್ಟಿ ಹಾಕಿದ ದೋಣಿಗೂ ಅಲೆ! ಬಿಡು, ಒರೆಸ್ತೀನಿ, ಎಲ್ಲಿ ಆ ಬಟ್ಟೆ... ಓ, ನಿನ್ನ ಕೈಲಿದ್ಯಾ.

ಏನು ನಗು ನಿಂದು? ಮೂಗಲ್ಲಿ ಸುರ್ ಸುರ್ ಅಂತ. ಬೆರ್ಗುರ್ ಹೇಳಿರ್ಬೇಕು, ಇವತ್ತಿನ ಕಥೆಯೆಲ್ಲ. ನಿನ್ನ ಗಂಡನ ಹೊಟ್ಟೇಲಿ ಒಂದು ಮಾತು ನಿಲ್ಲಲ್ಲ ಕಣೇ. ಏನಂದ? ಮಾವ ಮೈಕಿನಲ್ಲಿ ಮಾನ ಕಳೆದ್ರು ಅಂದ್ನಾ? ಕೇಳು, ನಿಜ ನಾನು ಹೇಳ್ತೀನಿ.

ನೋಡು, ನಿನ್ನ ಬದಲು ಮೈಕು ಹಿಡೀತೀನಿ, ಆದ್ರೆ ಆ ಪದ ಮಾತ್ರ ಹೇಳಲ್ಲ ಅಂತ ಬೆಳಗ್ಗೆನೇ ಹೇಳಿದ್ದೆ. ನಮ್ಮಪ್ಪ ಆಗ್ಲಿ ನಮ್ಮಜ್ಜ ಆಗ್ಲಿ ನೀರಿನ ಮೇಲಿರೋವಾಗ ಆ ಪ್ರಾಣಿ ಹೆಸರು ಎತ್ತಿದೋರಲ್ಲ. ಹೆಸರು ಕೇಳಿಸ್ಕೊಂಡು ಅವುಗಳಲ್ಲಿ ಕೆಟ್ಟದ್ದೊಂದು ಬಂತು ಅಂದ್ರೆ ದೋಣಿ ಮಗುಚಿ ಹಾಕುತ್ತೆ. ದೊಡ್ಡ ಮೀನು ಅನ್ಬೇಕು, ಅಷ್ಟೆ. ಜೀವಮಾನವೆಲ್ಲ ಕಾಡ್ ಮೀನು ಹಿಡಿದೆ, ಒಂದ್ಸಲನೂ ಆ ಪದ ಅಂದಿಲ್ಲ, ಒಂದ್ಸಲನೂ ಮುಳುಗಿಲ್ಲ. ನೀನು ದಿನಕ್ಕೆ ನೂರು ಸಲ ಅಂತೀಯ. ನೋಡು, ದನಿನೇ ಹೋಯ್ತು.

ಬೆಳಗಿನ ಟ್ರಿಪ್ಪಲ್ಲಿ ಏನಾಯ್ತು ಅಂದ್ರೆ... ಇವತ್ತು ನಾವೆಲ್ಲ ದೊಡ್ಡ ಮೀನು ನೋಡೋಕೆ ಹೋಗ್ತಿದೀವಿ ಅಂತ ಮೈಕಲ್ಲಿ ಶುರು ಮಾಡಿದೆ. ಒಬ್ಬ ಜರ್ಮನ್ನ ಗಾಬರಿ ಬಿದ್ದ, ತಪ್ಪು ದೋಣಿ ಹತ್ತಿದೆ ಅಂತ. ಎಷ್ಟು ದೊಡ್ಡ ಮೀನು ಅಂದ. ಈ ದೋಣಿಯಷ್ಟು ಅಂದೆ. ಓಹೋ, ಹಾಗಾದ್ರೆ ಅದು ತಿಮಿಂ... ಥೂ! ನೋಡು, ನನ್ನ ಬಾಯಲ್ಲೇ ಬಂದ್ಬಿಡ್ತಿತ್ತು. ದಡಕ್ಕೆ ಕಟ್ಟಿದ್ರೂ ಅಡಿಯಲ್ಲಿ ನೀರೇ ತಾನೆ.

ಆಮೇಲೆ ಆ ಗಡಿಯಾರದ್ದು. ದೋಣಿ ಮೂತಿ ಹನ್ನೆರಡು, ಬಲಗೈ ಮೂರು, ಬೆನ್ನ ಹಿಂದೆ ಆರು, ನೀನು ದಿನಾ ಹೇಳ್ತೀಯಲ್ಲ ಹಾಗೇ ಹೇಳೋಣ ಅಂದ್ಕೊಂಡಿದ್ದೆ. ಮರೆತೇಹೋಯ್ತು. ಸೀದಾ ‘ದೊಡ್ಡ ಮೀನು, ಮೂರು ಗಂಟೆಗೆ’ ಅಂತ ಕೂಗ್ದೆ. ಜರ್ಮನ್ನ ಕೈಗಡಿಯಾರ ನೋಡ್ಕೊಂಡ, ಇನ್ನೂ ಬೇಕಾದಷ್ಟು ಹೊತ್ತಿದೆ ಅಂತ ಒಳಗೆ ಹೋಗಿ ಕೋಕೋ, ಬನ್ನು ತಗೊಂಡು ಕೂತ. ಪಾಪ, ಅವನು ಬನ್ನು ಮುಗಿಸೋ ಅಷ್ಟರಲ್ಲಿ ಅದು ಬಾಲ ಎತ್ತಿ ಹೊರಟೂ ಹೋಗಿತ್ತು.

ನಗು, ನಗು. ನನಗೂ ನಗು ಬಂತು.

ಹಾಗಂತ ಇದನ್ನೇ ನೆಪ ಮಾಡ್ಕೊಂಡು ನನ್ನ ಇಳಿಸ್ಬೇಡ. ವಸಂತದಲ್ಲಿ ನೀನಂದಿದ್ದು ಮರೆತಿಲ್ಲ ನಾನು. ‘ಅಪ್ಪ, ನಿನ್ನ ಕಣ್ಣು ಕೈಕೊಟ್ಟ ದಿನ ನೀನು ದೋಣಿ ಇಳೀತೀಯ.’ ಅಂದ್ಯೋ ಇಲ್ವೋ? ತಲೆ ಆಡ್ಸಿದ್ಯಾ, ಸರಿ. ನಿನ್ನಮ್ಮನ ಹೆಸರಿನ ದೋಣಿ ಇದು. ಸೋಲ್ರುನ್ ಅಂತ ಮೂತಿ ಮೇಲೆ ಬಣ್ಣದಲ್ಲಿ ಬರೆದೋನು ನಾನು. ಇದನ್ನ ಇಳಿದು ಮನೇಲಿ ಏನು ಮಾಡ್ಲಿ? ಕಿಟಕಿ ಪಕ್ಕ ಕೂತು ಕಾಲುಚೀಲ ಹೆಣೀಲಾ? ನನ್ನ ಕಣ್ಣಿಗೇನಾಗಿದೆ? ಮಧ್ಯಾಹ್ನ ಕೇಳ್ಬೇಕಿತ್ತು ನೀನು.

ಮಧ್ಯಾಹ್ನ ಮಂಜು ಬಂತು. ಬೆಟ್ಟ ಕಾಣಲ್ಲ, ಫ್ಲಾಟೇ ದ್ವೀಪ ಕಾಣಲ್ಲ, ನಮ್ಮ ದೋಣಿ ಮೂತಿಯೇ ಕಾಣಲ್ಲ. ವಾಪಸ್ ಹೋಗೋಣ ಮಾವ ಅಂದ ಬೆರ್ಗುರ್. ಎಂಜಿನ್ ಆರ್ಸು ಅಂದೆ. ಯಾರೂ ಕೆಮ್ಮೋಹಾಗಿಲ್ಲ ಅಂತ ಮೈಕಲ್ಲಿ ಹೇಳ್ದೆ. ಅಬ್ಬ, ಆ ನಿಶ್ಶಬ್ದ! ಒಂದು ಮಗು ಬಿಕ್ಕಳಿಸ್ತಿತ್ತು, ಅಷ್ಟೆ. ಎಡಗಡೆ ಎಲ್ಲೋ ಹಕ್ಕಿಗಳು ಜಗಳ ಆಡ್ತಿದ್ವು. ಹಕ್ಕಿ ಕಚ್ಚಾಡೋ ಕಡೆ ಸಣ್ಣ ಮೀನು, ಸಣ್ಣ ಮೀನಿರೋ ಕಡೆ ನಮ್ಮ ದೊಡ್ಡೋರು. ಕಾದೆ. ಆಮೇಲೆ ಬಂತು ನೋಡು... ಫೂ...ಹ್. ಆ ಉಸಿರು! ಕೊಳೆತ ಕೋಸಿನ ವಾಸನೆ ಬೇರೆ. ‘ಹತ್ತು ಗಂಟೆಗೆ’ ಅಂದೆ. ಹತ್ತು ಗಂಟೆ ದಿಕ್ಕಲ್ಲೇ ಎದ್ದಿತು, ಕೈ ಚಾಚಿದ್ರೆ ತಾಗೋ ಹಾಗೆ. ನೀರು ಹಾರಿ ನನ್ನ ಮೂತಿ ಮೇಲೆಲ್ಲ! ಜನ ಚಪ್ಪಾಳೆ ತಟ್ಟಿದ್ರು ಕಣೇ. ಒಬ್ಬ ಅಜ್ಜಿ ಬಂದು ನನ್ನ ಕೆನ್ನೆಗೆ ಮುತ್ತೇ ಕೊಟ್ಬಿಟ್ಳು. ಎಷ್ಟು ಖುಷಿಯಾಯ್ತು ಗೊತ್ತಾ ನನಗೆ? ಆ ಮಂಜಲ್ಲಿ ಎಲ್ರೂ ನನ್ನ ಹಾಗೇ... ಅಂದ್ರೆ, ಎಲ್ರೂ ನನ್ನ ಹಾಗೇ ಖುಷಿಪಟ್ರು ಅಂದೆ.

ಸುಮ್ನೆ ಯಾಕೆ ಕೂತೆ? ನಗೂ ನಿಂತ್ಹೋಯ್ತು.

ಓ, ಸಂಜೆದು ಗೊತ್ತಾಗಿದೆ ಅನ್ನು. ಅದೇನೂ ದೊಡ್ಡ ವಿಷಯ ಅಲ್ಲ. ಬಿಸಿಲು ಬಂದಿತ್ತು, ನಾನು ಮುಂದೆ ನಿಂತಿದ್ದೆ. ಬೆನ್ನ ಹಿಂದೆ ಫೂ...ಹ್ ಅಂತು. ಆರು ಗಂಟೆಗೆ, ಭಾರಿ ದೊಡ್ಡದು, ತೀರಾ ಹತ್ರದಲ್ಲಿದೆ, ವಯಸ್ಸಾದ ಗಂಡು ಅಂತ ಮೈಕಲ್ಲಿ ಕೂಗ್ಬಿಟ್ಟೆ. ಎಲ್ರೂ ತಿರುಗಿದ್ರು. ಅಲ್ಲೊಬ್ಬ ಹಾಲೆಂಡಿನೋನು ಮೂಗು ಸೀಟ್ಕೊಳ್ತಾ ನಿಂತಿದ್ನಂತೆ... ಅಂತೆ ಅಲ್ಲ, ನಿಂತಿದ್ದ. ನಾನೇ ನೋಡ್ದೆ. ತಮಾಷೆಗೆ ಅಂದಿದ್ದು ಅದು. ಅವನೂ ನಕ್ಕ. ಕೆಂಪು ಟೋಪಿ ಹಾಕಿದ್ದ. ಅಲ್ವಾ? ನೀಲಿನಾ? ಯಾವುದೋ ಒಂದು, ಟೋಪಿ ಕಟ್ಕೊಂಡು ಏನಾಗ್ಬೇಕು ನನಗೆ.

ಏನದು ಟಕ್ ಅಂತು? ಓ, ಗೋಡೆಯಿಂದ ತಿಂಡಿ ಬರೆಯೋ ಹಲಗೆ ತೆಗೆದ್ಯಾ. ಬರೆದು ತೋರಿಸ್ತೀಯೇನು? ಈಗ ಬೇಡಮ್ಮ, ಕನ್ನಡಕ ಮನೇಲೇ ಬಿಟ್ಟು ಬಂದೆ... ಏಯ್, ತಲೆಗೆ ಯಾಕೆ ಕೈ ಹಾಕ್ತೀಯ? ಓ. ತಲೆ ಮೇಲೇ ಇತ್ತಾ. ಕೊಡು ಕೊಡು, ಹಾಕ್ಕೋತೀನಿ. ಕಿಟಕಿ ಕಡೆ ಹಿಡೀಬೇಡ, ಬಿಸಿಲು ಹೊಡೆಯುತ್ತೆ. ಹಾಂ. ಹೂಂ, ಓದ್ದೆ. ನಿನ್ನ ಅಕ್ಷರ ಮೊದಲಿಂದ್ಲೂ ಕೋಳಿ ಕೆರೆದ ಹಾಗೇನೇ. ‘ಚೆನ್ನಾಗಿ ಮಾಡ್ದೆ ಅಪ್ಪ, ನಾಳೆನೂ ನೀನೇ ಬಾ.’ ಸರಿಯಾಗಿ ಓದಿದ್ನಾ?

ಸಾಲ್ವೋರ್?

ಕೈ ಯಾಕೆ ಎಳೀತೀಯ... ಹಲಗೆ ಮೇಲಿಡ್ಬೇಕಾ? ಇಟ್ಟೆ. ಈ ಮೂಲೆಯಿಂದ ಆ ಮೂಲೆಗೆ, ಹೂಂ. ನುಣ್ಣಗಿದೆ. ಒದ್ದೆ ಬಟ್ಟೇಲಿ ಒರೆಸಿದ ಹಾಗಿದೆ. ಸೀಮೆಸುಣ್ಣದ ಪುಡಿ ಒಂಚೂರೂ ಕೈಗೆ ಹತ್ತಲಿಲ್ಲ...

ಏನೂ ಬರೆದೇ ಇರ್ಲಿಲ್ಲ ನೀನು.

ಆಯ್ತು. ಸಿಕ್ಕಿಬಿದ್ದೆ. ಚಳಿಗಾಲದಲ್ಲೇ ಶುರುವಾಗಿತ್ತು ಕಣೇ. ಅಂಚಲ್ಲಿ ಒಂಚೂರು ಬೆಳಕು ಉಳಿದಿದೆ, ನೆಟ್ಟಗೆ ನೋಡಿದ ಕಡೆ ಏನೂ ಇಲ್ಲ. ಹೇಗೋ ನಡೀತಿತ್ತು. ನೀನು ಮಾತಾಡ್ತಿದ್ಯಲ್ಲ, ಆ ದನೀಲೇ ನಿನ್ನ ಮುಖ ಗೊತ್ತಾಗ್ತಿತ್ತು. ಈಗ ಡಾಕ್ಟರು ನಿನ್ನ ಬಾಯಿ ಕಟ್ಟಿದ್ರು, ನಿನ್ನೆಯಿಂದ ನೀನೇ ಕಳೆದುಹೋಗಿದೀಯ ನನಗೆ. ಭಯ ಆಯ್ತು. ಅದಕ್ಕೇ ಇಷ್ಟು ಬಡಬಡಿಸ್ತಿರೋದು.

ನಾಳೆ ಹೇಗೆ ಹೇಳು. ಮೇಲೆ ಹತ್ತಿ ದೊಡ್ಡ ಮೀನು ಎಲ್ಲಿದೆ ಅಂತ ಕಣ್ಣಿಟ್ಟು ನಿಲ್ಲೋಹಾಗಿಲ್ಲ, ಗೊತ್ತು, ಅದನ್ನ ಕೇಳಲ್ಲ. ಆದ್ರೆ ಮೈಕು... ಪಕ್ಕದಲ್ಲಿ ನೀನಿರು, ನನ್ನ ಬೆನ್ನ ಮೇಲೆ ಬೆರಳಿಟ್ಟು ಗಂಟೆ ತೋರ್ಸು. ಕಣ್ಣು ನಿಂದು, ಗಂಟಲು ನಂದು. ಆಗುತ್ತಾ? ತಲೆ ಆಡ್ಸು, ಸಾಕು.

ಆಡ್ಸಿದ್ಯಾ?

ಹೌದು ಅಂತಲಾ, ಇಲ್ಲ ಅಂತಲಾ...

ಕೈ ಎಲ್ಲಿಗೆ ಕರ್ಕೊಂಡು ಹೋಗ್ತೀಯ? ಕೆನ್ನೆ. ನಿನ್ನ ಕೆನ್ನೆ. ಒದ್ದೆಯಾಗಿದ್ಯಲ್ಲೇ ಮಗಳೇ. ಇಷ್ಟು ಹೊತ್ತೂ ನಗ್ತಿದೀಯ ಅಂದ್ಕೊಂಡಿದ್ದೆ ನಾನು.

ಹೂಂ, ಇಟ್ಕೊಂಡಿದೀನಿ ಕೈನ, ಈಗ ಆಡ್ಸು. ಕೆಳಗೆ... ಮೇಲೆ... ಮತ್ತೆ ಕೆಳಗೆ.

ಇನ್ನೊಂದ್ಸಲ ಆಡ್ಸು. ಅಲೆ ಹೊಡೀತು, ಸರಿಯಾಗಿ ಗೊತ್ತಾಗ್ಲಿಲ್ಲ.